ದೀಪ ಆರಿದ ಊರುಗಳು: ಉತ್ತ ಹೊಲದಲ್ಲಿ ಹಳ್ಳಿ ಹುಡುಕೋದು ಹೇಗೆ?

ಭಾಗ 1

ಮೊದಲ ಫೋಟೋ ನೋಡಿ "ಏನಪ್ಪಾ ಇದು, ಬರೀ ಹೊಲ" ಅಂತ ಮುಂದಕ್ಕೆ ಹೋಗ್ತಿದ್ರೆ ಒಂದ್ನಿಮಿಷ ನಿಲ್ಲಿ. ಇವತ್ತು ಗೋಪುರ ಇಲ್ಲ, ಕಲ್ಯಾಣಿ ಇಲ್ಲ, ಶಿಲಾಬಾಲಿಕೆಯೂ ಇಲ್ಲ. ಇರೋದು ಉತ್ತ ಹೊಲ, ಅಷ್ಟೇ. ಆದರೆ ಸ್ವಲ್ಪ ಝೂಮ್ ಮಾಡಿ. ಸುತ್ತಲೂ ಕೆಂಪು ಮಣ್ಣು, ಮಧ್ಯದಲ್ಲಿ ಮಾತ್ರ ಬೂದಿ ಕಲಸಿದ ಹಾಗೆ ಬಣ್ಣಗೆಟ್ಟ ಒಂದು ಪಟ್ಟಿ. ಆ ಪಟ್ಟಿಯ ತುಂಬ ಬೆರಳಿನಷ್ಟು, ಅಂಗೈಯಷ್ಟು ಮಡಕೆ ಚೂರು. ಬದುವಿನಲ್ಲಿ ಅರ್ಧ ಒಡೆದ ಒಂದು ಒರಳು ಕಲ್ಲು.

ಇಲ್ಲಿ ಒಂದು ಕಾಲಕ್ಕೆ ಊರಿತ್ತಾ? ಇದ್ದಿರಬಹುದು. ಈ "ಇರಬಹುದು" ಅನ್ನೋ ಪದದ ಬಗ್ಗೆಯೇ ಈ ಸರಣಿ. ನಮ್ಮ ಇತಿಹಾಸದ ಪುಟಗಳಲ್ಲಿ, ನನ್ನ ಪುಟವನ್ನೂ ಸೇರಿಸಿ, ರಾಜಧಾನಿಗಳ ಫೋಟೋಗೆ ಬರಗಾಲವೇ ಇಲ್ಲ. ಹಂಪಿ, ಹಳೇಬೀಡು, ಬಾದಾಮಿ, ಐಹೊಳೆ. ಅವುಗಳನ್ನು ಕಟ್ಟೋಕೆ ಬೇಕಾದ ರಾಗಿ, ಜೋಳ, ಭತ್ತ, ಎಣ್ಣೆ, ಎತ್ತು, ಆಳು ಎಲ್ಲವೂ ಬಂದಿದ್ದು ಹಳ್ಳಿಗಳಿಂದ. ಆ ಹಳ್ಳಿಗಳು ಹೇಗಿದ್ವು, ಎಲ್ಲಿದ್ವು ಅಂತ ಕೇಳಿದರೆ ತೋರಿಸೋಕೆ ನಮ್ಮ ಕೈಲಿ ಇರೋದು ಬಹುತೇಕ ಇಂಥ ಹೊಲಗಳೇ.

ಜಾಗ ಯಾವುದು ಅಂತ ಕಾಮೆಂಟಲ್ಲಿ ಕೇಳ್ಬೇಡಿ. ಯಾಕೆ ಹೇಳಲ್ಲ ಅನ್ನೋದು ಕೊನೆ ಭಾಗದಲ್ಲಿದೆ.

ಭಾಗ 2

ಮೊದಲು ಕಾಗದದಿಂದ ಶುರು ಮಾಡೋಣ. ಹೊಲಕ್ಕೆ ಆಮೇಲೆ ಇಳಿಯೋಣ.

ನಮ್ಮ ಕಂದಾಯ ದಾಖಲೆಗಳಲ್ಲಿ ಒಂದು ವಿಚಿತ್ರ ಪದ ಇದೆ: ಬೇಚಿರಾಕ್. ಕೆಲವು ಕಡೆ ಬೇಚರಾಕ್ ಅಂತಾನೂ ಬರೀತಾರೆ. ಪಹಣಿ ತೆಗೆಸಿದವರು, ಜಮೀನು ವ್ಯವಹಾರ ಮಾಡಿದವರು ಕೇಳಿರ್ತೀರಿ. ಪರ್ಷಿಯನ್ ಮೂಲದ ಮಾತು. "ಬೇ" ಅಂದ್ರೆ ಇಲ್ಲದ, "ಚಿರಾಗ್" ಅಂದ್ರೆ ದೀಪ. ದೀಪ ಇಲ್ಲದ ಊರು! ಯಾರೋ ಗುಮಾಸ್ತ ಲೆಕ್ಕಕ್ಕಾಗಿ ಬರೆದ ಪದ, ಆದರೆ ಎಷ್ಟು ಚೆಂದ ಇದೆ ನೋಡಿ. ಸಂಜೆ ಯಾವ ಮನೆಯಲ್ಲೂ ದೀಪ ಹಚ್ಚೋರಿಲ್ಲದ ಗ್ರಾಮ.

ಬೇಚಿರಾಕ್ ಗ್ರಾಮಕ್ಕೆ ಹೆಸರಿರುತ್ತೆ, ಗಡಿ ಇರುತ್ತೆ, ತನ್ನದೇ ಸರ್ವೆ ನಂಬರುಗಳಿರುತ್ತವೆ. ಜನ ಮಾತ್ರ ಇರಲ್ಲ. ಪಕ್ಕದ ಊರಿನವರು ಬಂದು ಹೊಲ ಮಾಡಿಕೊಂಡು ಹೋಗ್ತಾರೆ. 2011ರ ಜನಗಣತಿಯಲ್ಲಿ ಕರ್ನಾಟಕದ 29,340 ಗ್ರಾಮಗಳ ಪೈಕಿ 1,943 ಜನವಸತಿ ಇಲ್ಲದವು. ಅಂದ್ರೆ ಹೆಚ್ಚುಕಡಿಮೆ ಪ್ರತಿ ಹದಿನೈದು ಗ್ರಾಮಕ್ಕೆ ಒಂದು.

ತಡೀರಿ, ಇವೆಲ್ಲ ಮಧ್ಯಕಾಲದ ಊರುಗಳು ಅಂತ ಹೇಳ್ತಿಲ್ಲ. ಅಣೆಕಟ್ಟಿನ ನೀರಲ್ಲಿ ಮುಳುಗಿದವು ಇವೆ, ಕಾಡಿನೊಳಗೆ ಸೇರಿದವು ಇವೆ, ಮೊದಲಿಂದಲೂ ಮನೆಯೇ ಇರದ ಭೂಮಿಗೆ ಲೆಕ್ಕದ ಅನುಕೂಲಕ್ಕೆ ಗ್ರಾಮ ಅಂತ ಹೆಸರು ಬಿದ್ದಿದ್ದೂ ಇದೆ. ಆದರೂ ಹುಡುಕಾಟ ಶುರು ಮಾಡೋಕೆ ಇದಕ್ಕಿಂತ ಒಳ್ಳೆ ಪಟ್ಟಿ ಇಲ್ಲ.

ಗ್ರಾಮ ನಕ್ಷೆ ಸಿಕ್ಕರೆ ಒಂದು ವಿಷಯ ಗಮನಿಸಿ. ಬಂಡಿದಾರಿ, ಕಾಲುದಾರಿ ಚುಕ್ಕಿ ಗೆರೆಗಳಲ್ಲಿ ಇರ್ತವೆ. ಮೂರ್ನಾಲ್ಕು ದಾರಿ ಬಂದು ಸೇರೋ ಕಡೆ ಸಾಮಾನ್ಯವಾಗಿ ಒಂದು ಊರಿರಬೇಕು. ಅಲ್ಲಿ ಊರಿಲ್ಲದೆ ಖಾಲಿ ಹೊಲ ಇದ್ರೆ? ದಾರಿ ಸುಮ್ಮನೆ ಯಾಕೆ ಅಲ್ಲಿಗೆ ಬಂತು ಅಂತ ಕೇಳಲೇಬೇಕು. ದಿಶಾಂಕ್ ಆ್ಯಪ್ ಇದ್ದರೆ ನೀವು ನಿಂತ ಜಾಗದ ಸರ್ವೆ ನಂಬರ್ ಮೊಬೈಲಲ್ಲೇ ಸಿಗುತ್ತೆ, ಹಳೇ ನಕ್ಷೆ ಜೊತೆ ಹೋಲಿಸಬಹುದು.

ಇನ್ನೊಂದು ಮಾತು, ವಿಷಯಕ್ಕೆ ಸ್ವಲ್ಪ ಹೊರಗಿನದು. ಇದೇ ರಾಜ್ಯದಲ್ಲಿ ಎಷ್ಟೋ ತಾಂಡಾಗಳು, ಹಟ್ಟಿಗಳು ತಲೆಮಾರುಗಟ್ಟಲೆ ಜನ ಬದುಕಿದ್ದರೂ ಕಂದಾಯ ಗ್ರಾಮ ಅಂತ ದಾಖಲೆಗೆ ಸೇರೋಕೆ ದಶಕಗಳ ಕಾಲ ಕಾಯಬೇಕಾಯ್ತು. ಜನ ಇಲ್ಲದ ಊರಿಗೆ ದಾಖಲೆ ಇದೆ, ಜನ ಇದ್ದ ಊರಿಗೆ ಇರಲಿಲ್ಲ. ದಾಖಲೆಯನ್ನೇ ಇತಿಹಾಸ ಅಂದ್ಕೊಂಡ್ರೆ ಎಲ್ಲಿ ಎಡವುತ್ತೀವಿ ಅಂತ ಇದರಿಂದಲೇ ಗೊತ್ತಾಗುತ್ತೆ.

ಭಾಗ 3

ಊರ ಹೆಸರುಗಳು ಚಿಕ್ಕ ಸುಳಿವು ಕೊಡ್ತವೆ. ಹಳೇಬೀಡು ಅನ್ನೋ ಹೆಸರೇ ನೋಡಿ. ಹೊಯ್ಸಳರ ಕಾಲಕ್ಕೆ ಅದು ದೋರಸಮುದ್ರ. 1311ರಲ್ಲಿ ಮಲಿಕ್ ಕಾಫೂರನ ದಾಳಿ, ಆಮೇಲಿನ ದಾಳಿಗಳು, ರಾಜಧಾನಿ ಹೋದ ಮೇಲೆ ಉಳಿದಿದ್ದು "ಹಳೇ ಬೀಡು". ಅದೇ ರೀತಿ ಹಾಳೂರು, ಹಳೆಯೂರು, ಹಾಳುಕೋಟೆ ಅಂತ ಕರೆಸಿಕೊಳ್ಳೋ ಹೊಲ, ದಿಬ್ಬಗಳು ನಿಮ್ಮೂರ ಸುತ್ತಲೂ ಇರಬಹುದು. ಹೊಸೂರು, ಹೊಸಹಳ್ಳಿ ಇದ್ದರೆ ಯಾವುದಕ್ಕೆ ಹೋಲಿಸಿ ಅದು ಹೊಸದು ಅಂತ ಕೇಳಿ. ಎಲ್ಲ ಸಲ ಉತ್ತರ ಸಿಗಲ್ಲ, ಕೇಳೋಕೆ ದುಡ್ಡೇನೂ ಕೊಡಬೇಕಾಗಿಲ್ಲ.

ಶಾಸನಗಳಲ್ಲಿ ಇನ್ನೂ ಗಟ್ಟಿ ಸುಳಿವಿದೆ. ದಾನ ಕೊಟ್ಟ ಭೂಮಿಯ ಚತುಸ್ಸೀಮೆ ಹೇಳುವಾಗ ಹಳ್ಳ, ಹುತ್ತ, ಆಲದ ಮರ, ಕೆರೆಯ ಕೋಡಿ, ನೆಟ್ಟ ಕಲ್ಲು, ಪಕ್ಕದ ಊರಿನ ಹೆಸರು ಎಲ್ಲ ಬರ್ತವೆ. ಬಿ.ಎಲ್. ರೈಸ್ 1886ರಿಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತರತೊಡಗಿದ ಮೇಲೆ ಇಂಥ ಸಾವಿರಾರು ಊರ ಹೆಸರು ಅಚ್ಚಿನಲ್ಲಿ ಸಿಗುವ ಹಾಗಾಯ್ತು. ಇವುಗಳಲ್ಲಿ ಎಷ್ಟೋ ಹೆಸರುಗಳು ಇವತ್ತಿನ ಯಾವ ನಕ್ಷೆಯಲ್ಲೂ ಇಲ್ಲ. ಊರು ಹೋಗಿದೆ, ಪಕ್ಕದೂರಿನ ಗಡಿ ಹೇಳೋಕೆ ಬಳಸಿದ ಹೆಸರು ಮಾತ್ರ ಕಲ್ಲಲ್ಲಿ ಉಳಿದಿದೆ.

ಭಾಗ 4

ಈಗ ಹೊಲಕ್ಕೆ ಇಳಿಯೋಣ. ಈ ಭಾಗ ಉದ್ದ ಇದೆ, ಕಾಫಿ ಹಿಡ್ಕೊಂಡು ಓದಿ.

ನಮ್ಮ ಬಯಲುಸೀಮೆಯ ಹಳ್ಳಿಮನೆ ಅಂದ್ರೆ ಮಣ್ಣಿನ ಗೋಡೆ. ಕೆಳಗೆ ಒಂದೆರಡು ಸಾಲು ಕಲ್ಲು, ಮೇಲೆ ಮರದ ತೊಲೆ, ಹುಲ್ಲು ಅಥವಾ ಮಣ್ಣಿನ ಮಾಳಿಗೆ. ಜನ ಊರು ಬಿಟ್ಟರೆ ಮೊದಲು ಹೋಗೋದು ಮರ. ತೊಲೆ, ಬಾಗಿಲು ಎಲ್ಲ ಹೊತ್ತುಕೊಂಡು ಹೋಗ್ತಾರೆ. ಆಮೇಲೆ ಕಲ್ಲು, ಪಕ್ಕದೂರಿನವರ ಗೋಡೆಗೆ, ಬದುವಿಗೆ. ಉಳಿದ ಮಣ್ಣಿನ ಗೋಡೆ ನಾಲ್ಕು ಮಳೆಗಾಲಕ್ಕೆ ಕರಗಿ ಕೂರುತ್ತೆ. ಹತ್ತಾರು ವರ್ಷದಲ್ಲಿ ಊರು ಒಂದು ಸಣ್ಣ ಉಬ್ಬು. ಅದರ ಮೇಲೆ ನೇಗಿಲು ಹೋದರೆ ಉಬ್ಬೂ ಇಲ್ಲ.

ಹಾಗಾದ್ರೆ ಏನು ಉಳಿಯುತ್ತೆ? ಮಣ್ಣಿನ ಬಣ್ಣ. ನೂರಾರು ವರ್ಷ ಒಲೆಯ ಬೂದಿ, ಸಗಣಿ, ತಿಪ್ಪೆ, ಮೂಳೆ ಎಲ್ಲ ಬಿದ್ದ ಜಾಗದ ಮಣ್ಣು ಬೂದುಬಣ್ಣಕ್ಕೆ ತಿರುಗುತ್ತೆ, ಮುಟ್ಟಿದ್ರೆ ಪುಡಿಪುಡಿ. ಅದರಲ್ಲಿ ರಂಜಕ ಜಾಸ್ತಿ, ಹಾಗಾಗಿ ಬೆಳೆಯೂ ಅಲ್ಲಿ ಒಂದು ಗೇಣು ಎತ್ತರ ಬರುತ್ತೆ. ರೈತರಿಗೆ ಇದು ಯಾವ ಪುಸ್ತಕವೂ ಇಲ್ಲದೆ ಗೊತ್ತು. ಹಾಳೂರಿನ ಮಣ್ಣನ್ನು ಗಾಡಿಗಟ್ಟಲೆ ಹೊಡೆದು ಹೊಲಕ್ಕೆ ಗೊಬ್ಬರವಾಗಿ ಹಾಕೋದು ಹಳೇ ಪದ್ಧತಿ. ಮಹಾರಾಷ್ಟ್ರದ ಕಡೆ ಊರ ನೆಲೆಗೆ "ಪಾಂಢರಿ", ಅಂದ್ರೆ ಬಿಳಿ ನೆಲ, ಹೊಲಕ್ಕೆ "ಕಾಳಿ", ಕಪ್ಪು ನೆಲ ಅಂತಲೇ ಕರೀತಾರೆ.

ಎರಡನೇದು ಮಡಕೆ ಚೂರು. ಮಡಕೆ ಒಡೆಯುತ್ತೆ, ಆದರೆ ಸಾಯಲ್ಲ. ಸುಟ್ಟ ಮಣ್ಣು ಕೊಳೆಯಲ್ಲ, ತುಕ್ಕು ಹಿಡಿಯಲ್ಲ, ಯಾರೂ ಕದಿಯಲ್ಲ. ಪುರಾತತ್ವದವರು ಚೂರಿನಲ್ಲಿ ಮೊದಲು ನೋಡೋದು ಕಂಠ, ಅಂದ್ರೆ ಬಾಯಿಯ ಅಂಚು. ಬಾಯಿ ಚಿಕ್ಕದು, ಕುತ್ತಿಗೆ ಸಣ್ಣ ಇದ್ದರೆ ನೀರಿನ ಕೊಡ ಇರಬಹುದು, ನೀರು ತುಳುಕಬಾರದಲ್ಲ. ಬಾಯಿ ಅಗಲ, ಹೊರಮೈ ಮಸಿ ಹಿಡಿದಿದ್ದರೆ ಅಡುಗೆ ಗಡಿಗೆ. ದಪ್ಪ, ದೊಡ್ಡ ಅಂಚು ಇದ್ದರೆ ಕಾಳು ತುಂಬೋ ವಾಡೆ. ಮೂರೂ ಬಗೆ ಒಂದೇ ಕಡೆ ಹೇರಳವಾಗಿ ಸಿಕ್ಕರೆ ಅಲ್ಲಿ ಜನ ನೀರು ತಂದು, ಬೇಯಿಸಿ, ಕೂಡಿಟ್ಟು ಬದುಕಿದ್ದಾರೆ ಅಂತ ಊಹಿಸಬಹುದು. ಬರೀ ಕೊಡದ ಚೂರು ಸಿಕ್ಕರೆ ಅದು ಹಳೇ ಬಾವಿ ದಡವೂ ಆಗಿರಬಹುದು.

ಕಾಲ ಹೇಳೋಕೆ ಕೆಲವು ಜಾಣ ಸುಳಿವುಗಳಿವೆ. ಮಂಗಳೂರು ಹೆಂಚಿನ ಚೂರು ಕಂಡರೆ ಅದು 1865ಕ್ಕಿಂತ ಹಳೇದಾಗಿರೋಕೆ ಸಾಧ್ಯ ಇಲ್ಲ, ಬಾಸೆಲ್ ಮಿಷನ್‌ನ ಪ್ಲೆಬ್ಸ್ಟ್ ಮಂಗಳೂರಲ್ಲಿ ಕಾರ್ಖಾನೆ ಶುರು ಮಾಡಿದ್ದೇ ಆ ವರ್ಷ. ಮಣ್ಣಿನ ಚಿಲುಮೆ ತುಂಡು ಸಿಕ್ಕರೆ? ಅದು ಹೊಗೆಸೊಪ್ಪಿನ ಚಿಲುಮೆ ಆಗಿದ್ದಲ್ಲಿ ಪೋರ್ಚುಗೀಸರು ಹೊಗೆಸೊಪ್ಪು ತಂದ ಮೇಲಿನದು. ಅಕ್ಬರನ ಆಸ್ಥಾನದ ಅಸದ್ ಬೇಗ್ ಹೊಗೆಸೊಪ್ಪನ್ನು ಮೊದಲು ಕಂಡು ದೊರೆಗೆ ಒಯ್ದದ್ದು ನಮ್ಮ ಬಿಜಾಪುರದಿಂದ, 1604ರ ಸುಮಾರಿಗೆ. ಗಾಜಿನ ಬಳೆ ಚೂರು ದಖ್ಖನಿನ ಬಹಮನಿ ಕಾಲದ ಪದರಗಳಲ್ಲಿ ರಾಶಿ ರಾಶಿ ಸಿಗುತ್ತೆ. 1945-46ರಲ್ಲಿ ಕೊಲ್ಹಾಪುರದ ಬ್ರಹ್ಮಪುರಿಯ ಉತ್ಖನನದಲ್ಲಿ ಹಾಗೇ ಸಿಕ್ಕವು.

ಮೂರನೇದು ಕಲ್ಲು. ಒರಳು, ಬೀಸುಕಲ್ಲಿನ ತುಂಡು, ಬಂಡೆಯ ಮೇಲೇ ಕೊರೆದ ಕುಟ್ಟೋ ಗುಣಿ, ಎಣ್ಣೆ ಗಾಣದ ಕಲ್ಲು. ಕೆಲವು ಗಾಣದ ಕಲ್ಲುಗಳ ಮೇಲೆ ಶಾಸನವೂ ಇರುತ್ತೆ, ಯಾರು ಮಾಡಿಸಿಕೊಟ್ಟರು ಅಂತ. ಊರು ಕಟ್ಟುವಾಗ ನೆಡೋ ಕರುವುಗಲ್ಲು ಒಂಟಿಯಾಗಿ ಹೊಲದ ಮಧ್ಯೆ ನಿಂತಿದ್ದರಂತೂ ಕಿವಿ ನಿಮಿರಬೇಕು. ಇವೆಲ್ಲ ಭಾರ, ಹಾಗಾಗಿ ದೂರ ಹೋಗಲ್ಲ. ವೀರಗಲ್ಲು ಹಾಗಲ್ಲ ನೋಡಿ. ಅದನ್ನು ಜನ ಎತ್ತಿ ತಂದು ದೇವಸ್ಥಾನದ ಅಂಗಳದಲ್ಲಿ ಸಾಲಾಗಿ ನಿಲ್ಲಿಸ್ತಾರೆ, ಭಕ್ತಿಯಿಂದಲೇ. ಕಲ್ಲು ಉಳಿಯುತ್ತೆ, ಎಲ್ಲಿ ನಿಂತಿತ್ತು ಅನ್ನೋ ವಿಷಯ ಹೋಗುತ್ತೆ.

ಭಾಗ 5

ಇಷ್ಟು ಓದಿ ನಾಳೆಯೇ ನಿಮ್ಮ ಹೊಲದಲ್ಲಿ ಊರು ಕಂಡುಹಿಡಿಯೋಕೆ ಹೊರಡಬೇಡಿ. ಮೋಸ ಹೋಗೋ ದಾರಿಗಳೂ ಇವೆ.

ತಿಪ್ಪೆ ಮೋಸ: ಊರ ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುವಾಗ ಅದರ ಜೊತೆ ಒಡೆದ ಮಡಕೆಯೂ ಹೋಗುತ್ತೆ. ನೂರಾರು ವರ್ಷ ಹೀಗೆ ಆದರೆ ಊರೇ ಇರದ ಹೊಲದಲ್ಲೂ ಚೂರು ಸಿಗ್ತವೆ. ಆದರೆ ಅವು ತೆಳ್ಳಗೆ ಚದುರಿರ್ತವೆ, ತುಂಬಾ ಸಣ್ಣ, ಅಂಚು ಸವೆದಿರುತ್ತೆ. ಊರಿದ್ದ ಜಾಗದಲ್ಲಿ ಚೂರು ದಟ್ಟ, ದೊಡ್ಡ, ಮುರಿದ ಅಂಚು ಇನ್ನೂ ಚೂಪು. ಕೆರೆ ಹೂಳಿನ ಕಥೆಯೂ ಇದೇ. ಹೂಳೆತ್ತಿ ಹೊಲಕ್ಕೆ ಹೊಡೆದಾಗ ಕೆರೆಯೊಳಗಿದ್ದ ಚೂರುಗಳು ಎಲ್ಲಿಗೋ ಹೋಗಿ ಬೀಳ್ತವೆ.

ಬೂದಿ ಮೋಸ ಇನ್ನೂ ದೊಡ್ಡದು. ಬಳ್ಳಾರಿ, ರಾಯಚೂರು ಸೀಮೆಯ ಬೂದಿದಿಬ್ಬಗಳು ಊರ ಒಲೆಯ ಬೂದಿ ಅಲ್ಲವೇ ಅಲ್ಲ. ಅವು ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಆದ ರಾಶಿಗಳು, ನಾವು ಹುಡುಕ್ತಿರೋ ಕಾಲಕ್ಕಿಂತ ಎರಡು ಮೂರು ಸಾವಿರ ವರ್ಷ ಹಿಂದಿನವು. ಕುಡತಿನಿ ದಿಬ್ಬ ಪ್ರಸಿದ್ಧ. ಹಂಪಿ ಪಕ್ಕದ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಅಂತಾರೆ. ಕಥೆ ಸೊಗಸಾಗಿದೆ, ನಮ್ಮ ಹಳ್ಳಿಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನು ಸೈನ್ಯದ ಬೀಡು, ಸಂತೆ ನಡೆದ ಮೈದಾನ, ಕುಂಬಾರರ ಆವಿಗೆ. ಇವೂ ಚೂರು ಬಿಡ್ತವೆ. ಆವಿಗೆ ಇದ್ದ ಕಡೆ ಸುಟ್ಟು ಸೊಟ್ಟಗಾದ, ಒಂದಕ್ಕೊಂದು ಅಂಟಿಕೊಂಡ ತುಂಡುಗಳು ಸಿಗುತ್ತೆ. ಅದು ನೋಡಿದ ಕೂಡಲೇ ಗೊತ್ತಾಗುತ್ತೆ.

ಇದಕ್ಕೇ ಜವಾಬ್ದಾರಿ ಇರೋ ವರದಿಗಳಲ್ಲಿ "ಮಧ್ಯಕಾಲೀನ ಗ್ರಾಮೀಣ ನೆಲೆ ಇರಬಹುದು" ಅಂತ ಬರೆಯೋದು. ಓದೋರಿಗೆ ಅದು ಪುಕ್ಕಲುತನ ಅನ್ಸುತ್ತೆ. ನನಗೆ ಹಾಗನ್ಸಲ್ಲ. "ಸಾವಿರ ವರ್ಷದ ಊರು ಪತ್ತೆ!" ಅಂತ ದಪ್ಪಕ್ಷರದಲ್ಲಿ ಬರೆಯೋದು ಸುಲಭ. ಅಗೆದು ನೆಲಗಟ್ಟು, ಒಲೆ, ಕಂಬ ನೆಟ್ಟ ಗುಣಿ, ಸುಟ್ಟು ಕರಿಯಾದ ಕಾಳು ಸಿಗೋ ತನಕ "ಇರಬಹುದು" ಅನ್ನೋದೇ ಪ್ರಾಮಾಣಿಕ ಪದ.

ಭಾಗ 6

ಈ ಕೆಲಸವನ್ನು ನಮ್ಮ ನೆಲದಲ್ಲೇ ಯಾರಾದ್ರೂ ಸರಿಯಾಗಿ ಮಾಡಿದ್ದಾರಾ? ಮಾಡಿದ್ದಾರೆ. ಎಲ್ಲಿ ಅಂದ್ರೆ ಹಂಪಿಯಲ್ಲಿ, ಅದೂ ನೀವು ಯಾರೂ ಫೋಟೋ ತೆಗೆಯದ ಹಂಪಿಯಲ್ಲಿ.

ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ಅನ್ನೋ ಇಬ್ಬರು ಅಮೆರಿಕನ್ ಪುರಾತತ್ವಜ್ಞೆಯರು 1988ರಿಂದ 1997ರವರೆಗೆ ವಿಜಯನಗರದ ಸುತ್ತಲಿನ ಪ್ರದೇಶದ ಸಮೀಕ್ಷೆ ನಡೆಸಿದರು. ಕಲ್ಲಿನ ರಥ, ಕಮಲ ಮಹಲ್, ಆನೆಲಾಯ ಇರೋ ನಗರದ ನಡುಭಾಗ ಅಲ್ಲ. ಅದರ ಹೊರಗಿನ ಹೊಲ, ಗುಡ್ಡ, ಕಣಿವೆ. ವಿಧಾನ ಕೇಳಿದ್ರೆ ನಗು ಬರುತ್ತೆ, ಅಷ್ಟು ಸರಳ. ಜನ ಸಾಲಾಗಿ, ಒಬ್ಬರಿಂದ ಒಬ್ಬರಿಗೆ ಇಪ್ಪತ್ತು ಮೀಟರ್ ಅಂತರ ಬಿಟ್ಟು ನಿಲ್ಲೋದು. ನೆಲ ನೋಡ್ತಾ ನೇರ ನಡೆಯೋದು. ಚೂರು, ಗೋಡೆ, ಕಟ್ಟೆ, ಬಾವಿ ಏನು ಕಂಡರೂ ನಿಂತು ಅಳೆದು, ಬರೆದು, ನಕ್ಷೆಗೆ ಹಾಕೋದು. ಆಮೇಲೆ ಮತ್ತೆ ನಡೆಯೋದು. ಬಿಸಿಲಲ್ಲಿ, ಜಾಲಿ ಮುಳ್ಳಲ್ಲಿ, ಹತ್ತು ವರ್ಷ.

ಸಿಕ್ಕಿದ್ದು 700ಕ್ಕೂ ಹೆಚ್ಚು ತಾಣಗಳು. ದೇವಸ್ಥಾನ ಇದ್ವು, ಆದರೆ ಅವುಗಳ ಜೊತೆಗೆ ಕೆರೆ ಏರಿಗಳು, ಬಾವಿ, ಹೊಲದ ಮೆಟ್ಟಿಲು ಕಟ್ಟೆಗಳು, ಹಳೇ ರಸ್ತೆ, ಕಲ್ಲು ಒಡೆದ ಜಾಗ, ಕೋಟೆ ಗೋಡೆಯ ತುಂಡು, ವಸತಿ ನೆಲೆಗಳು, ಬರೀ ಮಡಕೆ ಚೂರಿನ ಹರವು. ಡೊಮಿಂಗೊ ಪಾಯೆಸ್ 1520ರ ಹೊತ್ತಿಗೆ ಬಂದಾಗ ಬೆರಗಾಗಿ ಬರೆದ ನಗರ ಊಟ ಮಾಡ್ತಿದ್ದಿದ್ದು ಈ ಹೊರವಲಯದಿಂದ.

ಮಾರಿಸನ್ ಅವರ ಆಸಕ್ತಿ ಇದ್ದಿದ್ದೇ ಬೇಸಾಯದಲ್ಲಿ. ಕಮಲಾಪುರ ಕೆರೆಯ ತಳದ ಹೂಳಿನ ಪದರಗಳನ್ನು ತೆಗೆದು ಅದರಲ್ಲಿದ್ದ ಪರಾಗ ಎಣಿಸಿ, ಯಾವ ಕಾಲಕ್ಕೆ ಸುತ್ತ ಏನು ಬೆಳೀತಿತ್ತು ಅಂತ ಓದಿದರು. ಕೆರೆಯ ಹೂಳೂ ಒಂದು ಕಡತ ಅಂತ ನಮಗೆ ಹೊಳೆಯುತ್ತಾ? ನಮಗದು ಜೆಸಿಬಿಗೆ ಕೆಲಸ. ಸಿನೊಪೊಲಿ ಕೂತಿದ್ದು ಮಡಕೆ ಜೊತೆ. ಯಾವ ಬಾಯಿ, ಯಾವ ಅಳತೆ, ಯಾವ ಓಣಿಯಲ್ಲಿ ಎಷ್ಟು ಅಂತ.

ಇದರಲ್ಲಿ ನನಗೆ ಹೆಚ್ಚು ಹಿಡಿಸಿದ ವಿಷಯ ಇದು. 1565ರಲ್ಲಿ ತಾಳಿಕೋಟೆ ಯುದ್ಧ ಆಯ್ತು, ನಗರ ಖಾಲಿಯಾಯ್ತು. ನಾವು ಶಾಲೆಯಲ್ಲಿ ಅಲ್ಲಿಗೇ ಪುಟ ಮುಗಿಸಿದ್ವಿ. ಆದರೆ ನಗರ ಮುಗಿದ ಕೂಡಲೇ ಸುತ್ತಲಿನ ಹಳ್ಳಿಗಾಡು ಮುಗೀಲಿಲ್ಲ. ಮಳೆ ನಂಬಿದ ಕಡೆ ಎಷ್ಟೋ ಕೆರೆಗಳು ಹೂಳು ತುಂಬಿ ಸತ್ತವು, ಅವುಗಳ ದಡದ ನೆಲೆಗಳೂ ಹೋದ್ವು. ತುಂಗಭದ್ರೆಯ ಕಾಲುವೆ ಇದ್ದ ಕಡೆ ಗದ್ದೆ ಮುಂದುವರೀತು. ತುರ್ತು ಕಾಲುವೆ, ಬಸವಣ್ಣ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರಿಯುತ್ತೆ, ಬಾಳೆ, ಕಬ್ಬು, ಭತ್ತ ನಿಂತಿದೆ. ಅರಮನೆಯ ಅಡಿಪಾಯ ನೋಡೋಕೆ ಟಿಕೆಟ್ ತಗೋತೀರಿ. ಅದೇ ಕಾಲದ, ಇನ್ನೂ ಕೆಲಸ ಮಾಡ್ತಿರೋ ಕಾಲುವೆಯನ್ನು ದಾಟಿಕೊಂಡೇ ಅಲ್ಲಿಗೆ ಹೋಗ್ತೀರಿ.

ಭಾಗ 7

ಹಂಪಿ ಅಂದ್ರೆ ಹೇಗೂ ರಾಜಧಾನಿ, ದುಡ್ಡು, ಗಮನ ಎಲ್ಲ ಸಿಗುತ್ತೆ. ಬೇರೆ ಕಡೆ?

ಮಸ್ಕಿ ತಗೊಳ್ಳಿ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಂಡ ಅಶೋಕನ ಶಾಸನ ಎಲ್ಲರಿಗೂ ಗೊತ್ತು, ಅಶೋಕ ಅನ್ನೋ ಹೆಸರೇ ಅದರಲ್ಲಿದೆ ಅಂತ ಪರೀಕ್ಷೆಗೆ ಓದಿದ್ದೀವಿ. 1954ರಲ್ಲಿ ಬಿ.ಕೆ. ಥಾಪರ್ ಅಲ್ಲಿ ಅಗೆಸಿದರು. ನಾಲ್ಕು ಕಾಲದ ಪದರ ಸಿಕ್ಕವು. ತಾಮ್ರಶಿಲಾಯುಗ, ಬೃಹತ್ ಶಿಲಾಯುಗ, ಆದಿ ಇತಿಹಾಸ ಕಾಲ, ಎಲ್ಲಕ್ಕಿಂತ ಮೇಲೆ ಮಧ್ಯಕಾಲ. ವರದಿಯ ಶೀರ್ಷಿಕೆಯಲ್ಲಿ ಬಂದಿದ್ದು ಮಾತ್ರ ಮೊದಲನೇದು. ಅದೇ ಮಸ್ಕಿ ಹನ್ನೊಂದನೇ ಶತಮಾನಕ್ಕೆ ಮೊಸಂಗಿ, ಚಾಲುಕ್ಯ ಜಯಸಿಂಹನಿಗೂ ರಾಜೇಂದ್ರ ಚೋಳನಿಗೂ ಅಲ್ಲಿ ಯುದ್ಧ ಆಗಿತ್ತು.

ಮಧ್ಯಕಾಲದ ಪದರದ ದುರಾದೃಷ್ಟ ನೋಡಿ, ಅದು ಯಾವಾಗಲೂ ಮೇಲೇ ಇರುತ್ತೆ. ಕೆಳಗಿನ "ಬೆಲೆಬಾಳುವ" ಕಾಲಕ್ಕೆ ಹೋಗೋಕೆ ಮೊದಲು ತೆಗೆಯಬೇಕಾಗಿರೋದು ಅದನ್ನೇ. ಅಗೆಯೋರು ಅವಸರದಲ್ಲಿರ್ತಾರೆ. ನೇಗಿಲು, ಜೆಸಿಬಿ ಮೊದಲು ಕಚ್ಚೋದೂ ಅದನ್ನೇ. ಶಾಸನ ಬೇಕಾದಷ್ಟು ಇರೋ ಕಾಲ ಅಲ್ವಾ, ಅಗೆಯೋದ್ಯಾಕೆ ಅನ್ನೋ ಧೋರಣೆಯೂ ಇತ್ತು.

ಅದಕ್ಕೆ ಫಲ ಏನಾಗಿದೆ ಅಂದ್ರೆ, ಶಿಲಾಯುಗದ ಮಡಕೆಯ ಬಗ್ಗೆ ಇರೋ ಖಚಿತತೆ ಹನ್ನೆರಡನೇ ಶತಮಾನದ ಹಳ್ಳಿ ಮಡಕೆಯ ಬಗ್ಗೆ ಇಲ್ಲ. ಅಡುಗೆ ಗಡಿಗೆಯ ಆಕಾರ ಶತಮಾನಗಟ್ಟಲೆ ಹೆಚ್ಚು ಬದಲಾಗಿಲ್ಲ, ಯಾಕಂದ್ರೆ ಅಡುಗೆಯೂ ಬದಲಾಗಿಲ್ಲ. ಚೂರು ಹಿಡಿದು ಇದು ಕಲ್ಯಾಣ ಚಾಲುಕ್ಯರ ಕಾಲದ್ದು, ಇದು ವಿಜಯನಗರದ್ದು ಅಂತ ಬೇರೆ ಮಾಡೋದು ಪಂಡಿತರಿಗೂ ಕಷ್ಟ. ಪಕ್ಕದಲ್ಲಿ ಒಂದು ಶಾಸನವೋ, ಶೈಲಿ ಗುರುತಾಗೋ ಗುಡಿಯೋ ಇದ್ದರೆ ಬದುಕಿದ್ವಿ. ಇಲ್ಲದಿದ್ರೆ "ಮಧ್ಯಕಾಲ" ಅನ್ನೋ ಸಾವಿರ ವರ್ಷ ಅಗಲದ ಚೀಲಕ್ಕೆ ಹಾಕೋದು.

ಭಾಗ 8

ಊರು ಯಾಕೆ ಖಾಲಿಯಾಯ್ತು? ಊರಲ್ಲಿ ಕೇಳಿದರೆ ಉತ್ತರ ತಯಾರಿರುತ್ತೆ. ದೇವಿ ಶಾಪ ಕೊಟ್ಟಳು. ಇರುವೆ ಕಾಟ. ಒಂದೇ ರಾತ್ರೀಲಿ, ಕೋಳಿ ಕೂಗೋ ಮುಂಚೆ ಎಲ್ಲರೂ ಹೊರಟುಹೋದರು. ಈ ಕಥೆಗಳನ್ನು ಬರೆದಿಡಿ, ನಗಬೇಡಿ. ಜಾಗದ ನೆನಪು ಉಳಿದಿರೋದೇ ಅವುಗಳಿಂದ. ಕಾರಣ ಅಂತ ಮಾತ್ರ ಒಪ್ಪಬೇಡಿ.

ಬರಗಾಲಗಳು ದಾಖಲೆಯಲ್ಲಿವೆ. 1396ರಿಂದ ಹನ್ನೆರಡು ವರ್ಷ ಕಾಡಿತು ಅಂತ ಪರಂಪರೆ ಹೇಳೋ ದುರ್ಗಾದೇವಿ ಬರ, 1791-92ರ ಡೋಗಿ ಬರ, 1876-78ರ ಮಹಾಕ್ಷಾಮ. ಕೊನೆಯದರಲ್ಲಿ ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು ಹತ್ತು ಲಕ್ಷ ಜನ ಇಲ್ಲವಾದರು. ಯುದ್ಧ, ದಾಳಿ ಇವೆ. ವೀರಗಲ್ಲುಗಳಲ್ಲಿ ತುರುಗೋಳು ಜೊತೆ "ಊರಳಿವು" ಅನ್ನೋ ಮಾತೇ ಬರುತ್ತೆ. ತೆರಿಗೆ ತಾಳಲಾರದೆ ಊರು ಬಿಟ್ಟ ರೈತರನ್ನು ವಾಪಸ್ ಕರೆಸೋಕೆ ರಿಯಾಯಿತಿ ಕೊಟ್ಟ ವಿಜಯನಗರ ಕಾಲದ ಶಾಸನಗಳೂ ಇವೆ. ಊರು ಬಿಟ್ಟು ಹೋಗೋದು ರೈತನ ಕೈಲಿದ್ದ ದೊಡ್ಡ ಅಸ್ತ್ರ ಆಗಿತ್ತು.

ದುರಂತವೇ ಆಗಬೇಕು ಅಂತೇನೂ ಇಲ್ಲ. ಕೆರೆ ಏರಿ ಒಡೀತು, ರಸ್ತೆ ಆ ಕಡೆ ಬಂತು, ನಾಲ್ಕು ಮನೆ ಮೊದಲು ಹೋದ್ವು, ಉಳಿದವು ಇಪ್ಪತ್ತು ವರ್ಷದಲ್ಲಿ ಹೋದ್ವು. ಹೀಗೆ ನಿಧಾನವಾಗಿ ಸರಿದ ಊರುಗಳೇ ಜಾಸ್ತಿ ಇರಬೇಕು ಅನ್ನೋದು ನನ್ನ ಅನಿಸಿಕೆ. ಅಂಥ ಕಡೆ ಹಳೇ ಊರಿನ ಮಾರಮ್ಮನಿಗೆ ಹೊಸ ಊರಿನವರು ವರ್ಷಕ್ಕೊಮ್ಮೆ ಹೋಗಿ ಪೂಜೆ ಮಾಡಿ ಬರ್ತಾರೆ. ನಿಮ್ಮೂರ ಜಾತ್ರೆ ಹೊಲದ ಮಧ್ಯದ ಗುಡಿಯಿಂದ ಶುರುವಾಗುತ್ತಾ? ಯಾಕೆ ಅಂತ ಅಜ್ಜಿಯನ್ನು ಕೇಳಿ ನೋಡಿ.

ಕಥೆಗೂ ಸಾಕ್ಷ್ಯಕ್ಕೂ ಎಷ್ಟು ದೂರ ಅನ್ನೋಕೆ ದೂರದ ಒಂದು ಉದಾಹರಣೆ. ಇಂಗ್ಲೆಂಡಿನಲ್ಲಿ ಇಂಥ ಖಾಲಿಯಾದ ಮಧ್ಯಕಾಲದ ಹಳ್ಳಿಗಳು ಮೂರು ಸಾವಿರದಷ್ಟು ಗುರುತಾಗಿವೆ. ಯಾರ್ಕ್‌ಶೈರಿನ ವಾರಮ್ ಪರ್ಸಿ ಅನ್ನೋ ಒಂದೇ ಹಳ್ಳಿಯನ್ನು ಬೆರೆಸ್‌ಫರ್ಡ್ ಮತ್ತು ಹರ್ಸ್ಟ್ 1950ರಿಂದ 1990ರವರೆಗೆ ಪ್ರತಿ ಬೇಸಿಗೆ ಅಗೆದರು. ನಲವತ್ತು ವರ್ಷ, ಒಂದು ಹಳ್ಳಿ! ಅಲ್ಲಿನ ಜನಪ್ರಿಯ ನಂಬಿಕೆ ಪ್ರಕಾರ ಇಂಥ ಹಳ್ಳಿಗಳನ್ನು ಕೊಂದಿದ್ದು ಹದಿನಾಲ್ಕನೇ ಶತಮಾನದ ಪ್ಲೇಗ್. ವಾರಮ್‌ನಲ್ಲಿ ಪ್ಲೇಗ್ ನಂತರವೂ ಜನ ಇದ್ದರು. ಕೊನೆಗೆ 1500ರ ಸುಮಾರಿಗೆ ಉಳಿದ ಮನೆಗಳನ್ನು ಜಮೀನ್ದಾರ ತೆರವು ಮಾಡಿಸಿದ, ಕುರಿ ಮೇಯಿಸೋಕೆ. ಉಣ್ಣೆಗೆ ಬೆಲೆ ಬಂದಿತ್ತು.

ಭಾಗ 9

ಇಷ್ಟೆಲ್ಲ ಚೂರು ಎಣಿಸಿ ಆಗೋದೇನು ಅಂತ ಯಾರಾದ್ರೂ ಕೇಳೇ ಕೇಳ್ತೀರಿ.

ಶಾಸನದಲ್ಲಿ ಯಾರಿದ್ದಾರೆ? ದಾನ ಕೊಟ್ಟ ಅರಸ, ಗೌಡ, ದಾನ ಪಡೆದ ಬ್ರಾಹ್ಮಣ, ಮಠ, ಬಸದಿ, ದನ ಬಿಡಿಸಿ ಸತ್ತ ವೀರ. ಕುಂಬಾರ, ನೇಕಾರ, ಗಾಣಿಗ ಎಲ್ಲಿ? ಹುಡುಕಿದರೆ ಮಗ್ಗದೆರೆ, ಗಾಣದೆರೆ ಅಂತ ತೆರಿಗೆ ಪಟ್ಟಿಯಲ್ಲಿ ಸಿಗ್ತಾರೆ, ಹೆಸರಿಲ್ಲದೆ. ಹೊಲ ಕಳೆ ಕಿತ್ತ ಹೆಂಗಸು, ಊರಾಚೆ ಇರಿಸಲ್ಪಟ್ಟವರು ಅಷ್ಟೂ ಇಲ್ಲ. ಆದರೆ ಎಲ್ಲರ ಮನೆಯಲ್ಲೂ ಮಡಕೆ ಒಡೆದಿದೆ. ಯಾವ ಚೂರು ಊರ ಯಾವ ಮೂಲೆಯಲ್ಲಿ, ಜೊತೆಗೆ ಯಾವ ಮೂಳೆ, ಯಾವ ಕಾಳು ಅಂತ ಜಾಗ ಸಮೇತ ಗೊತ್ತಾದರೆ ಯಾರು ಏನು ತಿಂದರು, ಯಾರ ಕೇರಿ ಬಾವಿಯಿಂದ ಎಷ್ಟು ದೂರ ಇತ್ತು ಅಂತ ಕೇಳೋಕಾದ್ರೂ ಸಾಧ್ಯ. ಬರೆಯದ ಜನರ ಕಡತ ಇದೊಂದೇ. ಅದು ನೇಗಿಲ ಆಳದಲ್ಲಿ, ಒಂದೆರಡು ಅಡಿ ಮಣ್ಣಿನಲ್ಲಿದೆ.

ಆ ಒಂದೆರಡು ಅಡಿಗೆ ಈಗ ರಕ್ಷಣೆ ಇಲ್ಲ. 1961ರ ರಾಜ್ಯ ಕಾಯ್ದೆ ಇದೆ, 1958ರ ಕೇಂದ್ರ ಕಾಯ್ದೆ ಇದೆ, ಆದರೆ ಇವುಗಳ ಪೂರ್ತಿ ಬಲ ಸಿಗೋದು ಸಂರಕ್ಷಿತ ಅಂತ ಘೋಷಣೆಯಾದ ಸ್ಥಳಕ್ಕೆ. ಚೂರು ಬಿದ್ದ ಹೊಲವನ್ನು ಯಾರು ಘೋಷಿಸ್ತಾರೆ? ಲೇಔಟ್ ಬರುತ್ತೆ, ಸೋಲಾರ್ ಪಾರ್ಕ್ ಬರುತ್ತೆ, ಇಟ್ಟಿಗೆ ಭಟ್ಟಿಗೆ ಮಣ್ಣು ಹೋಗುತ್ತೆ. ರೈತನ ಮೇಲೆ ಸಿಟ್ಟಾಗೋದು ತಪ್ಪು. ಅದು ಅವನ ಹೊಲ, ಅವನ ಅನ್ನ. ಅವನಿಗೆ ಅಲ್ಲೇನಿದೆ ಅಂತ ಹೇಳಿದವರೂ ಇಲ್ಲ.

ಇನ್ನು ನಿಧಿಗಳ್ಳರು. ಜಾಗ ಹೇಳಲ್ಲ ಅಂದಿದ್ದು ಇದಕ್ಕೇ. ಹಾಳೂರು ಅಂತ ಒಂದು ಪೋಸ್ಟ್ ಹಾಕಿದರೆ ಸಾಕು, ಅಮಾವಾಸ್ಯೆಗೆ ಗುಂಡಿ ಬಿದ್ದಿರುತ್ತೆ. ವೀರಗಲ್ಲಿನ ಬುಡ, ಗುಡಿಯ ಗರ್ಭಗೃಹ, ಕರುವುಗಲ್ಲಿನ ಕೆಳಗೆ ಅಗೆದು ಎಲ್ಲ ತಲೆಕೆಳಗೆ ಮಾಡಿ ಹೋಗ್ತಾರೆ. ಊರು ಬಿಟ್ಟು ಹೊರಟವರು ಬಾಗಿಲ ತೊಲೆಯನ್ನೇ ಬಿಡದೆ ಹೊತ್ತುಕೊಂಡು ಹೋದವರು, ಚಿನ್ನ ಬಿಟ್ಟು ಹೋಗ್ತಾರಾ? ಸ್ವಲ್ಪ ಯೋಚಿಸಿದ್ರೆ ಸಾಕಲ್ವಾ. ನೆಲದಲ್ಲಿ ಹೂತಿದ್ದೇನಾದ್ರೂ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಅಂತ 1962ರಿಂದಲೇ ನಮ್ಮಲ್ಲಿ ನಿಧಿ ಕಾಯ್ದೆ ಇದೆ, ಇದೂ ಗೊತ್ತಿರಲಿ.

ನಿಮಗೆ ಇಂಥ ಹೊಲ ಕಂಡರೆ ಚೂರನ್ನು ಎತ್ತಿಕೊಂಡು ಮನೆಗೆ ತರಬೇಡಿ. ಮನೆಯ ಶೋಕೇಸಿಗೆ ಬಂದ ಚೂರು ಬರೀ ಚೂರು, ಹೊಲದಲ್ಲಿದ್ದರೆ ಅದು ಸಾಕ್ಷಿ. ಹೊಲದವರ ಅನುಮತಿ ಕೇಳಿ. ಚೂರಿನ ಪಕ್ಕ ಒಂದು ಸ್ಕೇಲೋ, ಪೆನ್ನೋ ಇಟ್ಟು ಫೋಟೋ ತೆಗೀರಿ, ಬಾಯಿ ಅಂಚು ಕಾಣೋ ಹಾಗೆ. ಚೂರು ಎಲ್ಲಿಂದ ಎಲ್ಲಿವರೆಗೆ ಹರಡಿದೆ ಅಂತ ಹೆಜ್ಜೆ ಹಾಕಿ ಎಣಿಸಿ. ಸರ್ವೆ ನಂಬರ್ ಬರೆದಿಡಿ. ಜನ ಆ ಜಾಗವನ್ನು ಏನಂತ ಕರೀತಾರೆ ಅನ್ನೋದು ಎಲ್ಲಕ್ಕಿಂತ ಮುಖ್ಯ, ಹಿರಿಯರು ಇರೋವಾಗಲೇ ಕೇಳಿಕೊಳ್ಳಿ. ಅದನ್ನೆಲ್ಲ ಪುರಾತತ್ವ ಇಲಾಖೆಗೋ, ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ಬರೆದು ಕಳಿಸಿ. ಉತ್ತರ ಬರದಿದ್ದರೂ ಪ್ರತಿ ನಿಮ್ಮ ಹತ್ರ ಇರುತ್ತೆ.

ಈಗ ನಿಮ್ಮ ಸರದಿ. ನಿಮ್ಮ ತಾಲೂಕಿನ ಗ್ರಾಮ ಪಟ್ಟಿ ತೆಗೆದು ಬೇಚಿರಾಕ್ ಊರುಗಳ ಹೆಸರು ನೋಡಿ. ಕೆಳಗೆ ಹೆಸರು ಮಾತ್ರ ಬರೀರಿ, ಜೊತೆಗೆ ಅದರ ಬಗ್ಗೆ ಊರಲ್ಲಿ ಹೇಳೋ ಕಥೆ ಇದ್ದರೆ ಅದನ್ನೂ. ಲೊಕೇಶನ್ ಹಾಕಿದ ಕಾಮೆಂಟನ್ನು ಅಳಿಸಿಬಿಡ್ತೀನಿ, ಬೇಜಾರಾಗಬೇಡಿ.

#ಬೇಚಿರಾಕ್ #ಹಾಳೂರು #ಹಳ್ಳಿಯಇತಿಹಾಸ